‘ಇಲ್ಲ’ ಎಂದರೆ ಯಾವ ಇಲ್ಲ?

ಕಳೆದ ತಿಂಗಳು ಒಂದು ದೊಡ್ಡ ಲೆಕ್ಕಾಚಾರದ ಪ್ರೋಗ್ರಾಮನ್ನು ಮೂಲ ಕೋಡಿನಿಂದ ಬಿಲ್ಡ್ ಮಾಡಿ, ರಾತ್ರಿಯಿಡೀ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹತ್ತರಲ್ಲಿ ಒಂದು ಪಾಲೂ ಮುಗಿದಿರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕುಳಿತಿತ್ತು, ಇಡೀ ಹೊರೆ ಸಿಪಿಯು ಮೇಲೆ ಬಿದ್ದಿತ್ತು. ಉತ್ತರಗಳು ತಪ್ಪಿರಲಿಲ್ಲ, ಪ್ರೋಗ್ರಾಂ ಎಲ್ಲೂ ನಿಂತಿರಲಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡಬೇಕಾದ, ಎನ್‌ವಿಡಿಯಾದ ಕುಡಾ ತಂತ್ರಜ್ಞಾನ ಬಳಸುವ ಭಾಗವೇ ಅದರೊಳಗೆ ಸೇರಿರಲಿಲ್ಲ.

ಹಿಂದಿನ ಸಂಜೆ ಬಿಲ್ಡ್ ಮಾಡಿದ ಟರ್ಮಿನಲ್ ಇನ್ನೂ ತೆರೆದೇ ಇತ್ತು. ಮೇಲಕ್ಕೆ ಸರಿಸುತ್ತಾ ಹೋದೆ. ‘ಸಿಕ್ಕಿತು’, ‘ಸಿಕ್ಕಿತು’, ‘ಸಿಕ್ಕಿತು’ ಎಂದು ಸಾಲಾಗಿ ಬಂದ ನೂರಾರು ಸಾಲುಗಳ ನಡುವೆ ಒಂದೇ ಒಂದು ಸಾಲು: ಕುಡಾ ಕಂಪೈಲರ್ ಹುಡುಕಿದೆ, ಸಿಗಲಿಲ್ಲ. ಆದರೆ ಆ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ಇಳಿಸುವ ಸಾಧನ), ಅಂದರೆ ಎನ್‌ವಿಸಿಸಿ, ನನ್ನ ಯಂತ್ರದಲ್ಲಿ ಇತ್ತು. ಅದೇ ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಿ ಆವೃತ್ತಿ ಕೇಳಿದರೆ ತಕ್ಷಣ ಹೇಳಿತು. ಮತ್ತೇಕೆ ಸಿಗಲಿಲ್ಲ? ಬಿಲ್ಡ್‌ಗೆ ಬೇಕಾದದ್ದನ್ನು ಹುಡುಕಿ ಸಿದ್ಧಪಡಿಸುವ ಸಿಮೇಕ್ ಎಂಬ ಸಾಧನ ತನ್ನ ಪಾಡಿಗೆ ಬರೆದಿಟ್ಟಿದ್ದ ಲಾಗ್ ಫೈಲನ್ನು ತೆರೆದೆ. ಕಾರಣ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಎನ್‌ವಿಸಿಸಿ ತಾನೊಂದೇ ಎಲ್ಲವನ್ನೂ ಕಂಪೈಲ್ ಮಾಡುವುದಿಲ್ಲ, ಸಿಪಿಯು ಕಡೆಯ ಕೋಡನ್ನು ಯಂತ್ರದಲ್ಲಿರುವ ಜಿಸಿಸಿ ಎಂಬ ಇನ್ನೊಂದು ಕಂಪೈಲರ್‌ಗೆ ಒಪ್ಪಿಸುತ್ತದೆ. ಹಿಂದಿನ ವಾರ ನಾನು ಜಿಸಿಸಿಯನ್ನು ಹೊಸ ಆವೃತ್ತಿಗೆ ಏರಿಸಿದ್ದೆ. ಇಷ್ಟು ಹೊಸ ಜಿಸಿಸಿಗೆ ಬೆಂಬಲವಿಲ್ಲ ಎಂದು ಎನ್‌ವಿಸಿಸಿ ನಿಂತುಬಿಟ್ಟಿತ್ತು. ಹಳೆಯ ಜಿಸಿಸಿಯ ದಾರಿ ತೋರಿಸಿ, ಬಿಲ್ಡ್ ಫೋಲ್ಡರ್ ಅಳಿಸಿ, ಮತ್ತೆ ಶುರು ಮಾಡಿದೆ. ಐದು ನಿಮಿಷದ ಕೆಲಸ. ಕಳೆದುಹೋದದ್ದು ಒಂದು ಇಡೀ ರಾತ್ರಿ.

ಎರಡೂ ಕಂಪೈಲರ್‌ಗಳ ತಪ್ಪೇನೂ ಇಲ್ಲ. ಸಿಮೇಕ್ ಕೂಡ ಕಾರಣವನ್ನು ನಿಷ್ಠೆಯಿಂದ ಬರೆದಿಟ್ಟಿತ್ತು. ನನ್ನ ತಕರಾರು ಆ ಯೋಜನೆಯವರು ಬರೆದ ಸ್ಕ್ರಿಪ್ಟಿನ ಮೇಲೆ. ‘ಇದೆ, ಆದರೆ ಕೆಲಸ ಮಾಡುತ್ತಿಲ್ಲ’ ಎಂಬ ಉತ್ತರ ಅದರ ಕೈಗೆ ಬಂದಾಗ ‘ಇಲ್ಲ’ ಎಂದು ಬರೆದುಕೊಂಡು ಮುಂದೆ ನಡೆದುಬಿಟ್ಟಿತು. ಕನ್ನಡದಲ್ಲಿ ನಾವು ‘ಇಲ್ಲ’, ‘ಆಗದು’, ‘ತಿಳಿಯದು’ ಎಂದು ಮೂರು ಮಾತು ಇಟ್ಟುಕೊಂಡಿದ್ದೇವೆ, ಮೂರನ್ನೂ ಬೇರೆ ಬೇರೆ ಹೊತ್ತಿಗೆ ಆಡುತ್ತೇವೆ. ಬಿಲ್ಡ್‌ಗೂ ಮೊದಲು ಯಂತ್ರದಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಇಂಥ ಬಹುಪಾಲು ಕಾನ್ಫಿಗರ್ ಸ್ಕ್ರಿಪ್ಟ್‌ಗಳಿಗೆ ಮೂರೂ ಒಂದೇ.

ಈ ಸ್ಕ್ರಿಪ್ಟ್‌ಗಳನ್ನು ನಾನು ಹಳಿಯುತ್ತಿಲ್ಲ, ಅವುಗಳ ಮೂಲ ವಿಚಾರ ನನಗೆ ಬಹಳ ಇಷ್ಟ. 1991ರಲ್ಲಿ ಡೇವಿಡ್ ಮೆಕೆಂಝಿ ಇಂಥ ಸ್ಕ್ರಿಪ್ಟ್‌ಗಳನ್ನು ತಯಾರಿಸುವ ಆಟೋಕಾನ್ಫ್ ಆರಂಭಿಸಿದಾಗ ಯೂನಿಕ್ಸ್ ಎಂಬ ಹೆಸರಿನಡಿ ಒಂದಕ್ಕೊಂದು ಹೊಂದದ ಹತ್ತಾರು ವ್ಯವಸ್ಥೆಗಳಿದ್ದವು. ‘ನೀನು ಯಾವ ವ್ಯವಸ್ಥೆ?’ ಎಂದು ಹೆಸರು ಕೇಳಿ ಊಹೆ ಮಾಡುವ ಬದಲು, ‘ನಿನ್ನಲ್ಲಿ ಇದು ಇದೆಯೇ?’ ಎಂದು ನೇರವಾಗಿ ಪರೀಕ್ಷಿಸಿ ನೋಡುವುದು ಅದರ ದಾರಿ. ನಾಲ್ಕು ಸಾಲಿನ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆಯುತ್ತದೆ, ಬೇಕಾದ ಹೆಡರ್ (ಫಂಕ್ಷನ್‌ಗಳ ಘೋಷಣೆಗಳಿರುವ ಫೈಲ್) ಸೇರಿಸುತ್ತದೆ, ಕಂಪೈಲರ್‌ಗೆ ಕೊಡುತ್ತದೆ. ಕಂಪೈಲ್ ಆದರೆ ‘ಇದೆ’, ಆಗದಿದ್ದರೆ ‘ಇಲ್ಲ’. ಬೈಟ್‌ಗಳ ಕ್ರಮ ತಿರುಗಿಸುವ ಫಂಕ್ಷನ್‌ಗಳು ಲಿನಕ್ಸ್‌ನಲ್ಲಿ ಎಂಡಿಯನ್ ಹೆಡರ್‌ನಲ್ಲಿ ಸಿಗುತ್ತವೆ, ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರಿನ ಹೆಡರ್ ಸಿಸ್ ಫೋಲ್ಡರಿನೊಳಗಿದೆ, ಮ್ಯಾಕ್‌ನಲ್ಲಿ ಅದಕ್ಕೆ ಬೇರೆಯದೇ ಹೆಸರಿನ ಹೆಡರ್, ಬೇರೆಯದೇ ಫಂಕ್ಷನ್‌ಗಳು. ವ್ಯವಸ್ಥೆಯ ಹೆಸರನ್ನು ನಂಬಿದವರು ಕಾಲಾಂತರದಲ್ಲಿ ಮೋಸ ಹೋಗುತ್ತಾರೆ. ಸಾಧನ ಸಂಖ್ಯೆಯನ್ನು ಬಿಡಿಸುವ ಮೇಜರ್, ಮೈನರ್ ಎಂಬ ಮ್ಯಾಕ್ರೋಗಳು ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಸಿಸ್ ಟೈಪ್ಸ್ ಹೆಡರ್ ಮೂಲಕ ತಾವಾಗಿಯೇ ಬರುತ್ತಿದ್ದವು. 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.28 ಆವೃತ್ತಿ ಅದನ್ನು ನಿಲ್ಲಿಸಿತು. ‘ಇದು ಲಿನಕ್ಸ್, ಆದ್ದರಿಂದ ಅಲ್ಲೇ ಇರುತ್ತದೆ’ ಎಂದುಕೊಂಡಿದ್ದ ಕೋಡು ಮುರಿಯಿತು, ‘ಯಾವ ಹೆಡರ್‌ನಲ್ಲಿದೆ?’ ಎಂದು ಹುಡುಕುತ್ತಿದ್ದ ಕೋಡು ಉಳಿದುಕೊಂಡಿತು.

ಪ್ರಶ್ನೆ ಕೇಳುವ ಕ್ರಮ ಸರಿಯಿದೆ. ಕಂಪೈಲ್ ಆಗದಿದ್ದಾಗ ಬರುವ ‘ಇಲ್ಲ’ವನ್ನು ಕಣ್ಣುಮುಚ್ಚಿ ನಂಬುವುದರಲ್ಲಿ ಎಡವಟ್ಟಾಗುತ್ತಿದೆ. ಕಂಪೈಲ್ ಆಗದಿರಲು ನೂರು ಕಾರಣಗಳಿರಬಹುದು, ಹೆಡರ್ ಇಲ್ಲದಿರುವುದು ಅದರಲ್ಲಿ ಒಂದು ಮಾತ್ರ.

ಹಳೆಯ ಪರೀಕ್ಷಾ ಪ್ರೋಗ್ರಾಮೊಂದನ್ನು ಹತ್ತಿರದಿಂದ ನೋಡಿ. ‘ಮೇನ್’ ಎಂದಿದೆ, ಅದರ ಮುಂದೆ ‘ಇಂಟ್’ ಇಲ್ಲ. ಒಳಗೆ ‘ಎಕ್ಸಿಟ್’ ಅನ್ನು ಕರೆದಿದೆ, ಆದರೆ ಅದನ್ನು ಘೋಷಿಸುವ ಸ್ಟಿಡ್‌ಲಿಬ್ ಹೆಡರ್ ಸೇರಿಸಿಲ್ಲ. ಈ ಎರಡೂ ಸಡಿಲಿಕೆಗಳನ್ನು ಸಿ ಭಾಷೆಯ 1999ರ ಮಾನದಂಡವೇ ತೆಗೆದುಹಾಕಿತ್ತು. ಕಂಪೈಲರ್‌ಗಳು ಮಾತ್ರ ಎರಡು ದಶಕಕ್ಕೂ ಹೆಚ್ಚು ಕಾಲ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದವು. 2023ರಲ್ಲಿ ಕ್ಲ್ಯಾಂಗ್ 16, 2024ರಲ್ಲಿ ಜಿಸಿಸಿ 14 ಇವನ್ನು ದೋಷ ಎಂದೇ ಪರಿಗಣಿಸತೊಡಗಿದವು. ಆಗ ಏನಾಗುತ್ತದೆ ಎಂದು ಊಹಿಸಿ. ಮುಖ್ಯ ಕೋಡು ಕಂಪೈಲ್ ಆಗದಿದ್ದರೆ ಯಾರಾದರೂ ನೋಡಿ ಸರಿಪಡಿಸುತ್ತಾರೆ. ಪರೀಕ್ಷಾ ಪ್ರೋಗ್ರಾಂ ಕಂಪೈಲ್ ಆಗದಿದ್ದರೆ ಸದ್ದೇ ಇಲ್ಲ. ಸ್ಕ್ರಿಪ್ಟ್ ‘ಈ ಸೌಲಭ್ಯ ಇಲ್ಲ’ ಎಂದು ಬರೆದುಕೊಳ್ಳುತ್ತದೆ, ಬಿಲ್ಡ್ ಚೆನ್ನಾಗಿಯೇ ಮುಗಿಯುತ್ತದೆ, ನಿನ್ನೆಯವರೆಗೆ ಇದ್ದ ಸೌಲಭ್ಯವೊಂದು ಇಂದಿನ ಪ್ಯಾಕೇಜಿನಲ್ಲಿ ಇರುವುದಿಲ್ಲ. ಎಚ್ಚರಿಕೆಗಳನ್ನೆಲ್ಲ ದೋಷವಾಗಿಸುವ ಆಯ್ಕೆಯನ್ನು ಯಾರಾದರೂ ಕಾನ್ಫಿಗರ್ ಹಂತದಲ್ಲೇ ಕೊಟ್ಟರೂ ಇದೇ ಗತಿ: ಪರೀಕ್ಷೆಯಲ್ಲಿ ಬಳಸದೆ ಬಿಟ್ಟ ಒಂದು ವೇರಿಯಬಲ್ ಸಾಕು, ಇರುವ ಹೆಡರ್ ಇಲ್ಲವಾಗುತ್ತದೆ.

ಇದು ಬರೀ ಅನುಕೂಲ ಅನಾನುಕೂಲದ ಮಾತಲ್ಲ. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಯಂತ್ರದೊಳಗೆ ಗುಟ್ಟಾಗಿ ನುಗ್ಗಲೆಂದು ಸೇರಿಸಿದ್ದ ಹಿಂಬಾಗಿಲು ಪತ್ತೆಯಾಯಿತು. ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಆ ಕಥೆಯ ಮುಖ್ಯ ಭಾಗ ಎಲ್ಲರಿಗೂ ಗೊತ್ತಿದೆ. ನನ್ನ ನಿದ್ದೆ ಕೆಡಿಸಿದ್ದು ಅದರ ಪಕ್ಕದಲ್ಲಿದ್ದ ಒಂದು ಸಣ್ಣ ಸಂಗತಿ. ಲಿನಕ್ಸ್ ಕರ್ನಲ್‌ನಲ್ಲಿ ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯವಿದೆ, ಪ್ರೋಗ್ರಾಂ ತನಗೆ ಬೇಡದ ಫೈಲ್‌ಗಳನ್ನು ಮುಟ್ಟದಂತೆ ತನಗೆ ತಾನೇ ಬೇಲಿ ಹಾಕಿಕೊಳ್ಳಬಹುದು. ಎಕ್ಸ್‌ಝಡ್‌ನ ಸಿಮೇಕ್ ಫೈಲಿನಲ್ಲಿ ಅದು ಇದೆಯೇ ಎಂದು ಪರೀಕ್ಷಿಸುವ ಪುಟ್ಟ ಸಿ ಪ್ರೋಗ್ರಾಂ ಇತ್ತು. ಹಿಂಬಾಗಿಲು ಸೇರಿಸಿದ ಅದೇ ಖಾತೆಯಿಂದ, ಆ ಪ್ರೋಗ್ರಾಮಿನೊಳಗೆ ಒಂದು ಸಾಲಿನಲ್ಲಿ ಒಂಟಿ ಚುಕ್ಕೆಯೊಂದು ಬಂದು ಕುಳಿತಿತ್ತು. ಬೇರೇನೂ ಇಲ್ಲ, ಒಂದು ಪೂರ್ಣವಿರಾಮ. ಪರದೆಯ ಮೇಲಿನ ಧೂಳು ಎಂದುಕೊಂಡು ಕಣ್ಣು ದಾಟಿ ಹೋಗುವಷ್ಟು ಸಣ್ಣದು. ಆ ಚುಕ್ಕೆ ಇರುವವರೆಗೂ ಆ ಪ್ರೋಗ್ರಾಂ ಜಗತ್ತಿನ ಯಾವ ಯಂತ್ರದಲ್ಲಿಯೂ ಕಂಪೈಲ್ ಆಗುವುದಿಲ್ಲ. ಹಾಗಾಗಿ ಎಲ್ಲೆಡೆ ಬರುವ ಉತ್ತರ ಒಂದೇ, ‘ಲ್ಯಾಂಡ್‌ಲಾಕ್ ಇಲ್ಲ’. ಬೇಲಿ ಇಲ್ಲದೆ ಬಿಲ್ಡ್ ಮುಗಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಆ ಚುಕ್ಕೆ ಇಟ್ಟವರಿಗೆ ನಮ್ಮ ಅಭ್ಯಾಸ ಚೆನ್ನಾಗಿ ಗೊತ್ತಿತ್ತು. ಕಾನ್ಫಿಗರ್ ಹಂತದ ‘ಇಲ್ಲ’ವನ್ನು ನಾವು ಪ್ರಶ್ನಿಸುವುದಿಲ್ಲ ಎಂಬ ಅಭ್ಯಾಸ.

ಇದರ ತದ್ವಿರುದ್ಧ ತೊಂದರೆಯೂ ಇದೆ. ಯಾವುದೋ ಕಾರಣಕ್ಕೆ ಯಂತ್ರದಲ್ಲಿ ಬಿದ್ದಿದ್ದ ಲೈಬ್ರರಿಯನ್ನು ಸ್ಕ್ರಿಪ್ಟ್ ತಾನೇ ಕಂಡು, ಕೇಳದೆಯೇ ಲಿಂಕ್ ಮಾಡಿಬಿಡುತ್ತದೆ. ಜೆಂಟೂ ಎಂಬ ಲಿನಕ್ಸ್ ವಿತರಣೆಯ ಬಳಗದವರು ಇದನ್ನು ಆಟೋಮ್ಯಾಜಿಕ್ ಅವಲಂಬನೆ ಎನ್ನುತ್ತಾರೆ. ನಾಳೆ ಆ ಲೈಬ್ರರಿ ತೆಗೆದರೆ ಪ್ರೋಗ್ರಾಂ ಓಡುವುದಿಲ್ಲ.

ನಾನು ಕೇಳುವುದು ಇಷ್ಟು. ಐಚ್ಛಿಕವಾದದ್ದಕ್ಕೆ ಎರಡಲ್ಲ, ಮೂರು ಸ್ಥಿತಿ ಇರಲಿ. ಬಳಕೆದಾರ ‘ಬೇಕು’ ಎಂದರೆ, ಸಿಗದಿದ್ದಾಗ ಬಿಲ್ಡ್ ಅಲ್ಲೇ ನಿಲ್ಲಬೇಕು. ‘ಬೇಡ’ ಎಂದರೆ ಹುಡುಕಲೇಬಾರದು. ಏನೂ ಹೇಳದಿದ್ದರೆ ಹುಡುಕಲಿ, ಸಿಗದಿದ್ದರೆ ಬಿಟ್ಟು ಮುಂದೆ ಹೋಗಲಿ, ಆದರೆ ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ಕಟ್ಟಕಡೆಯ ಸಾಲುಗಳಲ್ಲಿ, ಕಣ್ಣಿಗೆ ಬೀಳುವಂತೆ ಹೇಳಲಿ. ಮೆಸಾನ್ ಎಂಬ ಬಿಲ್ಡ್ ಸಾಧನದಲ್ಲಿ ಈ ಮೂರು ಸ್ಥಿತಿಗಳು ಭಾಷೆಯಲ್ಲೇ ಇವೆ, ಅದಕ್ಕಾಗಿ ಅದನ್ನು ಕಟ್ಟಿದವರಿಗೆ ನಾನು ಋಣಿ. ಆಟೋಕಾನ್ಫ್‌ನಲ್ಲಿಯೂ ಸಿಮೇಕ್‌ನಲ್ಲಿಯೂ ಇದನ್ನು ಮಾಡಬಹುದು, ನಾಲ್ಕು ಸಾಲು ಹೆಚ್ಚು ಬರೆಯಬೇಕು, ಅಷ್ಟೆ. ಹುಡುಕುವ ಮೊದಲು ಯಾವ ಹೆಡರೂ ಇಲ್ಲದ ಖಾಲಿ ಪ್ರೋಗ್ರಾಮೊಂದನ್ನು ಅದೇ ಆಯ್ಕೆಗಳೊಂದಿಗೆ ಕಂಪೈಲ್ ಮಾಡಿ ನೋಡಿ. ಅದೇ ಆಗದಿದ್ದರೆ ಮುಂದಿನ ಯಾವ ‘ಇಲ್ಲ’ಕ್ಕೂ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೌಲಭ್ಯ ಇದೆ ಎಂದು ನಿಮಗೆ ಖಾತ್ರಿ ಇರುವ ಒಂದು ಪರೀಕ್ಷಾ ಯಂತ್ರದಲ್ಲಿ, ಎಲ್ಲ ಐಚ್ಛಿಕ ಭಾಗಗಳನ್ನೂ ‘ಬೇಕು’ ಎಂದು ಹಟ ಹಿಡಿದು ಪ್ರತಿ ಬದಲಾವಣೆಗೂ ಬಿಲ್ಡ್ ಮಾಡಿ. ಲ್ಯಾಂಡ್‌ಲಾಕ್‌ಗೆ ಹೀಗೆ ಹಟ ಹಿಡಿದಿದ್ದ ಒಂದು ಯಂತ್ರ ಇದ್ದಿದ್ದರೆ ಆ ಚುಕ್ಕೆ ಮೊದಲ ದಿನವೇ ಬಿಲ್ಡನ್ನು ನಿಲ್ಲಿಸುತ್ತಿತ್ತು.

ಸಿಮೇಕ್ ಬಳಸುವವರಿಗೆ ಇನ್ನೊಂದು ಮಾತು. ಕ್ಯಾಶ್ ಫೈಲು ‘ಇಲ್ಲ’ ಎಂಬುದನ್ನೂ ನೆನಪಿಟ್ಟುಕೊಳ್ಳುತ್ತದೆ. ಕಾಣೆಯಾಗಿದ್ದ ಹೆಡರನ್ನು ನೀವು ಹುಡುಕಿ ತಂದು ಹಾಕಿದ ಮೇಲೂ ಅದೇ ಫೋಲ್ಡರಿನಲ್ಲಿ ಮತ್ತೆ ಓಡಿಸಿದರೆ ಹಳೆಯ ಉತ್ತರವೇ ನಡೆಯುತ್ತದೆ. ಅಳಿಸಿ ಹೊಸದಾಗಿ ಶುರು ಮಾಡಿ.

ಹೊಸಬರು ಹೆದರುತ್ತಾರೆ, ಮೊದಲ ಸಲ ಬಿಲ್ಡ್ ಮಾಡುವವರಿಗೆ ದೋಷಗಳ ಸುರಿಮಳೆಯಾಗಬಾರದು ಎಂದು ಹಲವರು ಹೇಳುತ್ತಾರೆ. ಈ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಅದಕ್ಕೇ ಏನೂ ಕೇಳದವರಿಗೆ ಬಿಲ್ಡ್ ಮುಗಿಯಲಿ ಎಂದೆ. ಆದರೆ ಆ ರಾತ್ರಿಯ ನನ್ನ ಜಾಗದಲ್ಲಿ ಹೊಸಬರೊಬ್ಬರು ಇದ್ದಿದ್ದರೆ ಲಾಗ್ ಫೈಲ್ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿರುತ್ತಿರಲಿಲ್ಲ. ಈ ಪ್ರೋಗ್ರಾಂ ಇಷ್ಟೇ ನಿಧಾನ ಎಂದು ನಂಬಿ ಸುಮ್ಮನಾಗುತ್ತಿದ್ದರು.

ಆ ಯೋಜನೆಗೆ ಒಂದು ತಿದ್ದುಪಡಿ ಕಳುಹಿಸಿದ್ದೇನೆ. ಕುಡಾ ಬೇಕು ಎಂದು ಕೇಳಿ, ಕಂಪೈಲರ್ ಸೋತರೆ ಬಿಲ್ಡ್ ನಿಲ್ಲುತ್ತದೆ. ಕೇಳದಿದ್ದರೆ ಕೊನೆಯಲ್ಲಿ ಒಂದು ಸಾಲು ಬರುತ್ತದೆ: ‘ಕುಡಾ ಭಾಗ ಸೇರಿಲ್ಲ, ಕಂಪೈಲರ್ ಇದೆ, ಪರೀಕ್ಷೆ ಸೋತಿತು, ವಿವರ ಈ ಲಾಗಿನಲ್ಲಿದೆ’. ಅವರು ಇನ್ನೂ ಪರಿಶೀಲಿಸುತ್ತಿದ್ದಾರೆ. ನಿಮ್ಮ ಕೈಯಲ್ಲಿ ಇಂಥ ಸ್ಕ್ರಿಪ್ಟ್ ಇದ್ದರೆ, ಅದರ ಯಾವುದಾದರೊಂದು ಪರೀಕ್ಷಾ ಪ್ರೋಗ್ರಾಮಿನೊಳಗೆ ಒಂದು ಚುಕ್ಕೆ ಇಟ್ಟು ಬಿಲ್ಡ್ ಮಾಡಿ, ಅದು ಏನು ಹೇಳುತ್ತದೆ ಎಂದು ಕೆಳಗೆ ಬರೆಯಿರಿ.