ಇರುವುದನ್ನು ‘ಲಭ್ಯವಿಲ್ಲ’ ಎಂದು ಹೇಳುವುದೇಕೆ?

ಬಿಸಿಎ ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಕಳೆದ ಸೋಮವಾರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮೇಡಂ, ಇದರಲ್ಲಿ ಲಿನಕ್ಸ್ ಲ್ಯಾಬ್ ಮಾಡೋಕೆ ಆಗಲ್ವಂತೆ, ಬೇರೆ ತಗೋಬೇಕು ಅಂತ ಅಂಗಡಿಯವರು ಹೇಳಿದ್ರು” ಎಂದಳು. ಆ ಲ್ಯಾಪ್‌ಟಾಪಿಗೆ ಇನ್ನೂ ಹನ್ನೊಂದು ಕಂತು ಕಟ್ಟುವುದು ಬಾಕಿ ಇದೆ. ಆ ಮಾತು ಕೇಳಿದಾಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವಳ ಕಡೆಯಿಂದ ಒಂದೇ ಒಂದು ತಪ್ಪೂ ಆಗಿರಲಿಲ್ಲ. ವರ್ಚುವಲ್ ಮಷಿನ್‌ಗೆ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರಿಗೆ, 4 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಕೊಟ್ಟು, ಉಬುಂಟು 24.04 ಎಂಬ ಲಿನಕ್ಸ್ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡುವ ಐಎಸ್‌ಒ ಕಡತವನ್ನು ಸರಿಯಾದ ಜಾಗದಲ್ಲೇ ಜೋಡಿಸಿದ್ದಳು. ಆದರೆ ಸ್ಟಾರ್ಟ್ ಒತ್ತಿದ ಕೂಡಲೇ ‘ಎಎಂಡಿ-ವಿ ಲಭ್ಯವಿಲ್ಲ’ ಎಂಬ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಅರ್ಥವಾಗದ ಒಂದು ಸಂಕೇತ, ಮುಚ್ಚಲು ಒಂದು ಬಟನ್ ಬರುತ್ತಿದ್ದವು, ಅಷ್ಟೆ. ಲಭ್ಯವಿಲ್ಲ ಎಂದು ಓದಿದ ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಯಂತ್ರದಲ್ಲಿ ಆ ಸೌಲಭ್ಯವೇ ಇಲ್ಲವೆಂದು ತಿಳಿಯದೆ ಮತ್ತೇನು ತಿಳಿಯಬೇಕು?

ಆದರೆ ಅದು ಅವಳ ಯಂತ್ರದಲ್ಲಿ ಇತ್ತು. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸಲು ಪ್ರೊಸೆಸರಿನಲ್ಲೇ ಬೇಕಾದ ಈ ನೆರವನ್ನು ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಎಎಂಡಿ-ವಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಇವತ್ತು ಮಾರಾಟವಾಗುವ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲೂ ಅದು ಇದ್ದೇ ಇರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿ ನೋಡಿದರೆ ‘ವರ್ಚುವಲೈಸೇಶನ್: ಡಿಸೇಬಲ್ಡ್’ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಮನೆಯಲ್ಲಿ ಕೋಣೆಯೇ ಇಲ್ಲ ಎನ್ನುವುದಕ್ಕೂ ಕೋಣೆಗೆ ಬೀಗ ಹಾಕಿದೆ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ? ಬೀಗ ಹಾಕಿ ಕಳಿಸಿದವರು ಲ್ಯಾಪ್‌ಟಾಪ್ ತಯಾರಿಸಿದವರು. ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಅದರ ಬಗ್ಗೆ ಒಂದಕ್ಷರವನ್ನೂ ಬರೆಯದವರೂ ಅವರೇ. ಅವರ ಸಹಾಯವಾಣಿಗೆ ನಲವತ್ತು ನಿಮಿಷ ಕಾದು ಮಾತನಾಡಿದರೆ, ವಿಂಡೋಸನ್ನೇ ಮತ್ತೆ ಇನ್‌ಸ್ಟಾಲ್ ಮಾಡಿ ಎಂಬ ಉತ್ತರ ಸಿಕ್ಕಿತಂತೆ.

ಅಂಗಡಿಯವರು ಮೊದಲು ಕೊಟ್ಟ ಸಲಹೆ ಐಎಸ್‌ಒ ಕೆಟ್ಟಿರಬೇಕು, ಇನ್ನೊಮ್ಮೆ ಡೌನ್‌ಲೋಡ್ ಮಾಡು ಎಂಬುದು. ಅದು 5 ಜಿಬಿ ಮೀರಿದ ಕಡತ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದ, ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾದಲ್ಲೇ ಎಲ್ಲವನ್ನೂ ನಡೆಸುವ ಹುಡುಗಿ, ಸಿಗ್ನಲ್ ಸಿಗುವುದು ಮಹಡಿಯಲ್ಲಿ ಮಾತ್ರವೆಂದು ಮೂರು ರಾತ್ರಿ ಅಲ್ಲಿ ಕುಳಿತು ಅದನ್ನು ಎರಡನೆಯ ಬಾರಿ ಇಳಿಸಿಕೊಂಡಳು. ಕಡತ ಕೆಟ್ಟಿದೆಯೇ ಎಂದು ತಿಳಿಯಲು ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡಿನಿಂದ ಶಾ-256 ಮೊತ್ತ, ಅಂದರೆ ಕಡತದ ಬೆರಳಚ್ಚಿನಂಥ ಗುರುತು, ತೆಗೆದು, ಉಬುಂಟುವಿನವರು ಪ್ರಕಟಿಸಿರುವ 64 ಅಕ್ಷರಗಳೊಂದಿಗೆ ಹೋಲಿಸಿದರೆ ಸಾಕಿತ್ತು. ಹೋಲಿಸಿ ನೋಡಿದೆವು, ಮೊದಲನೆಯ ಕಡತವೂ ಸರಿಯಾಗಿಯೇ ಇತ್ತು. ಆ ಮೂರು ರಾತ್ರಿಗಳನ್ನು ಅವಳಿಗೆ ಯಾರು ಹಿಂದಿರುಗಿಸುತ್ತಾರೆ?

ಆ ಬೀಗ ತೆಗೆಯುವ ಸ್ವಿಚ್ ಇರುವುದು ಬಯಾಸ್‌ನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಶುರುವಾಗುವ, ಯಂತ್ರದೊಳಗೇ ಇರುವ ಫರ್ಮ್‌ವೇರ್ ಎಂಬ ತಂತ್ರಾಂಶದಲ್ಲಿ. ಅದರ ಒಳಗೆ ಹೋಗುವುದೂ ಸಲೀಸಾಗಿರಲಿಲ್ಲ. ಎಫ್2 ಎಷ್ಟು ಒತ್ತಿದರೂ ಯಂತ್ರ ನೇರವಾಗಿ ವಿಂಡೋಸಿಗೇ ಹೋಗುತ್ತಿದ್ದುದರಿಂದ, ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಅಡ್ವಾನ್ಸ್‌ಡ್ ಸ್ಟಾರ್ಟಪ್ ಆರಿಸಿ, ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಸುತ್ತಿ ಹೋಗಬೇಕಾಯಿತು. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇರುವ ಯಂತ್ರವಾದರೆ ಇದಕ್ಕೂ ಮೊದಲು 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಲೇಬೇಕು, ಏಕೆಂದರೆ ಫರ್ಮ್‌ವೇರ್ ಮುಟ್ಟಿದ ಮೇಲೆ ಅದು ಆ ಕೀಯನ್ನು ಕೇಳಬಹುದು. ಒಳಗೆ ಹೋದರೂ ಅಲ್ಲಿ ಎಎಂಡಿ-ವಿ ಎಂಬ ಹೆಸರೇ ಇಲ್ಲ. ‘ಎಸ್‌ವಿಎಂ ಮೋಡ್’ ಎಂದಿದೆ. ಸಂದೇಶದಲ್ಲಿ ಒಂದು ಹೆಸರು, ಸ್ವಿಚ್ಚಿನ ಮೇಲೆ ಇನ್ನೊಂದು ಹೆಸರು ಇಟ್ಟರೆ, ಮೊದಲ ಸಲ ನೋಡುವವರು ಇವೆರಡೂ ಒಂದೇ ಎಂದು ಹೇಗೆ ಊಹಿಸಬೇಕು?

ಅದನ್ನು ಎನೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ ಬಂದ ಮೇಲೆ ಉಬುಂಟು ಬೂಟ್ ಆಯಿತು. ಆದರೆ ಇನ್‌ಸ್ಟಾಲ್ ಆಮೆಯಂತೆ ತೆವಳತೊಡಗಿತು. ವಿಂಡೋಸಿನ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ಇದೇ ಸೌಲಭ್ಯವನ್ನು ಬಳಸುವುದರಿಂದ ಹೀಗಾಗುತ್ತದೆ. ಅದು ಒಳ್ಳೆಯ ರಕ್ಷಣೆಯೇ, ಸುಮ್ಮನೆ ತೆಗೆದುಹಾಕಬಾರದು. ಲ್ಯಾಬ್ ಮುಗಿಯುವವರೆಗೆ ಆಫ್ ಮಾಡಿ, ಮುಗಿದ ಮೇಲೆ ಮತ್ತೆ ಆನ್ ಮಾಡಲು ಅವಳಿಗೆ ಹೇಳಿದ್ದೇನೆ.

ಇಷ್ಟೂ ಆದದ್ದು ಒಂದೇ ಮಧ್ಯಾಹ್ನದಲ್ಲಿ, ಒಂದು ರೂಪಾಯಿಯೂ ಖರ್ಚಿಲ್ಲದೆ. ಹಾಗಿದ್ದ ಮೇಲೆ, ಹೊಸ ಲ್ಯಾಪ್‌ಟಾಪ್ ಕೊಳ್ಳಿರೆಂದು ಕೂಲಿ ಮಾಡುವ ತಂದೆಯ ಎದುರಿಗೇ ಅಂಗಡಿಯವರು ಹೇಳಿದ್ದನ್ನು ನಾನು ಅಜ್ಞಾನವೆಂದು ಬಿಟ್ಟುಬಿಡಲಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕಿತ್ತು.

ಅದೇ ತರಗತಿಯ ಇನ್ನೊಬ್ಬ ಹುಡುಗನ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಅವನು ಕೊಂಡದ್ದು ಯಾವುದೋ ಕಚೇರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಸ್ವಿಚ್ ಅದರಲ್ಲೂ ಇದೆ, ಆದರೆ ಬಯಾಸ್ ಹಳೆಯವರ ಪಾಸ್‌ವರ್ಡ್ ಕೇಳುತ್ತದೆ. ಮಾರಿದವರು ಎರಡು ವಾರದಿಂದ ಫೋನ್ ಎತ್ತುತ್ತಿಲ್ಲ. ಪಕ್ಕದವನ ಯಂತ್ರ ಬಿಡುವಾಗುವವರೆಗೆ ಆ ಹುಡುಗ ಕಮಾಂಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಕೂತಿರುತ್ತಾನೆ.