ಅಳಿವೆಯ ಅಧ್ಯಯನ ಅಳಿವೆಯ ಜನರಿಗೂ ತಲುಪಲಿ

2024ರ ಜನವರಿಯಲ್ಲಿ ನಮ್ಮ ಅಘನಾಶಿನಿ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಕುಮಟಾ ಕಡೆಯವರಿಗೆಲ್ಲ ಹೆಮ್ಮೆಯಾಯಿತು, ನನಗೂ. ಆದರೆ ಯಾಕೆ ಸೇರಿತು ಅಂತ ಇಲ್ಲಿನ ಹೈಸ್ಕೂಲ್ ಮಕ್ಕಳನ್ನು ಕೇಳಿದರೆ ಎಷ್ಟು ಜನ ಹೇಳಿಯಾರು? ಮಕ್ಕಳ ತಪ್ಪಲ್ಲ. ಮನೆ ಹಿಂದಿನ ಹೊಳೆಯ ಮೇಲೆ ನಡೆದ ಸಂಶೋಧನೆಯಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲೇ ಉಳಿದುಬಿಟ್ಟಿದೆ.

ಸಂಶೋಧನೆಗೇನೂ ಬರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ತಂಡದವರು ಉತ್ತರ ಕನ್ನಡದ ಅಳಿವೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರಕ್ಕೇ ಒಂದು ವಿಭಾಗವಿದೆ. ಇವುಗಳಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ನೀರಿನ ಉಪ್ಪಿನ ವಿಚಾರ. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು, ಹೀಗೆ ಹೊಳೆ ತನ್ನ ಲಯದಲ್ಲೇ ಇದೆ. ಪಕ್ಕದ ಶರಾವತಿಯಲ್ಲಿ ಹಾಗಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಕರೆಂಟ್ ಉತ್ಪಾದಿಸಿ ವರ್ಷವಿಡೀ ಕೆಳಗೆ ಹರಿದು ಬರುತ್ತದೆ. ಬೇಸಿಗೆಯಲ್ಲೂ ಅಳಿವೆಯ ಉಪ್ಪು ಅಷ್ಟಾಗಿ ಏರುವುದಿಲ್ಲ. ಉಪ್ಪನ್ನೇ ನಂಬಿದ ಬಳಚು (ಕೆಸರಿನಲ್ಲಿ ಬದುಕುವ ಚಿಪ್ಪಿನ ಜೀವಿ), ಕೆಲವು ಜಾತಿಯ ಮೀನು, ಕೆಲವು ಬಗೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಅಲ್ಲಿ ಬಾಳುವುದಾದರೂ ಹೇಗೆ? ಘಟ್ಟದ ಮೇಲೆ ಕಟ್ಟಿದ ಕಟ್ಟೆ ಶರಾವತಿ ಕಡಲು ಸೇರುವ ಹೊನ್ನಾವರದ ಮೀನಿನ ಬುಟ್ಟಿಯನ್ನು ಖಾಲಿ ಮಾಡಬಲ್ಲದು ಅನ್ನುವುದು ಇಲ್ಲಿನ ಪ್ರತಿ ಮನೆಗೂ ಗೊತ್ತಿರಬೇಕಾದ ಸಂಗತಿ.

ನಮ್ಮಲ್ಲಿ ಪರಿಸರ ಶಿಕ್ಷಣ ಅಂದರೆ ಫೆಬ್ರವರಿ 2ರ ಜೌಗುಭೂಮಿ ದಿನಕ್ಕೆ ಬ್ಯಾನರ್, ಭಾಷಣ, ಕಾಂಡ್ಲಾ ಸಸಿ ನೆಡುವ ಫೋಟೊ. ಕಾಂಡ್ಲಾ ಬೇಕು, ಖಂಡಿತ ಬೇಕು. ಅದರ ಎಲೆ ಕೊಳೆತೇ ಸಿಗಡಿ, ಏಡಿಗಳಿಗೆ ಆಹಾರ. ಬೇರಿನ ಸಂದಿಯಲ್ಲೇ ಮೀನಿನ ಮರಿಗಳು ಬೆಳೆಯುವುದು. ಆದರೆ ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲೆಲ್ಲ ಖಾಲಿ ಜಾಗ ಅಂದುಕೊಂಡು ನೆಟ್ಟರೆ ಬಳಚಿನ ನೆಲೆಯೇ ಮುಚ್ಚಿಹೋಗುತ್ತದೆ. ಎಲ್ಲಿ ನೆಡಬಾರದು ಅಂತ ಬಳಚು ತೆಗೆಯುವ ಹೆಂಗಸರನ್ನು ಮೊದಲು ಕೇಳಿ. ಅವರಿಗೆ ಕೆಸರಿನ ಒಂದೊಂದು ಮಾರೂ ಗೊತ್ತು.

ಗಜನಿಯನ್ನೂ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯನ್ನೂ, ಮರೆಯಬಾರದು. ಕುಮಟಾ ತಾಲೂಕಿನ ಮಾಣಿಕಟ್ಟಾದ ರೈತರು ಇವತ್ತಿಗೂ ಉಪ್ಪು, ನೆರೆ ಎರಡನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಗೊಬ್ಬರ ಹಾಕದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಂದು ಸಿಗಡಿ, ಮೀನು ಸಿಗುತ್ತದೆ. ಕಡಲು ಏರುತ್ತಿರುವ ಈ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಬೇರೆಲ್ಲಿ ಸಿಗುತ್ತದೆ?

ಅಳಿವೆಯ ಮೇಲೆ ಪಿಎಚ್‌ಡಿ ಮಾಡಿದವರಲ್ಲಿ ನನ್ನದೊಂದು ಬೇಡಿಕೆ. ನಿಮಗೆ ಕಂಡದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಆ ಊರಿನ ಪಂಚಾಯ್ತಿಗೆ, ಶಾಲೆಗೆ, ಮೀನುಗಾರರ ಸೊಸೈಟಿಗೆ ಕೊಡಿ. ಸಾಧ್ಯವಾದರೆ ಒಂದು ಮಧ್ಯಾಹ್ನ ಅಲ್ಲಿ ಕೂತು ಓದಿ ಹೇಳಿ. ಅಲ್ಲಿನವರು ಕೇಳುವ ಪ್ರಶ್ನೆಗಳನ್ನೂ ಬರೆದುಕೊಳ್ಳಿ, ಮುಂದಿನ ಅಧ್ಯಯನಕ್ಕೆ ಬೇಕಾಗುತ್ತವೆ.