ಕೊಟ್ಟ ಕೋಡಂಗಿಗೆ ಎ ಪ್ಲಸ್

ಅಮೆರಿಕದಲ್ಲಿ ಬೆಟರ್ ಬಿಸಿನೆಸ್ ಬ್ಯೂರೋ ಅಂತ ಒಂದಿದೆ, ಶಾರ್ಟಾಗಿ ಬಿಬಿಬಿ, 1912ರ ಕಾಲದ್ದು. ಕಂಪನಿಗಳ ಮೇಲಿನ ದೂರು ತಗೊಂಡು, ಅವು ಗ್ರಾಹಕರ ಜೊತೆ ಹೇಗೆ ನಡ್ಕೊಳ್ತವೆ ಅಂತ ನೋಡಿ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್ ಹಾಕೋದು ಅದರ ಕೆಲಸ. ಹೆಸರು ಕೇಳಿದ್ರೆ ಯಾವ್ದೋ ಸರ್ಕಾರಿ ಇಲಾಖೆ ಇರ್ಬೇಕು, ಒಳಗೆ ಫೈಲು, ಸೀಲು, ಮುಖ ಗಂಟು ಹಾಕ್ಕೊಂಡಿರೋ ಆಫೀಸರು ಎಲ್ಲಾ ಇರ್ಬೇಕು ಅನ್ಸುತ್ತೆ, ಅಲ್ಲಿನ ಜನಾನೂ ಎಷ್ಟೋ ಮಂದಿ ಹಾಗೇ ಅಂದ್ಕೊಂಡಿದ್ದಾರೆ. ಸರ್ಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಕಣ್ರೀ. ಪ್ರೈವೇಟ್ ಸಂಸ್ಥೆ, ಲಾಭಕ್ಕಾಗಿ ಅಲ್ಲ ಅಂತ ಹೇಳ್ಕೊಳ್ಳುತ್ತೆ, ದುಡ್ಡು ಹೆಚ್ಚಾಗಿ ಬರೋದು ಮಾತ್ರ ಕಂಪನಿಗಳು ವರ್ಷಾ ವರ್ಷಾ ಕಟ್ಟೋ ಅಕ್ರೆಡಿಟೇಷನ್ ಫೀಸಿಂದ, ಅಂದ್ರೆ ಇದು ನಂಬಬಹುದಾದ ಕಂಪನಿ ಅಂತ ಬಿಬಿಬಿ ಕೊಡೋ ಮಾನ್ಯತೆಯ ಫೀಸಿಂದ. ಪರೀಕ್ಷೆ ಬರೆಯೋ ಹುಡುಗನೇ ಪೇಪರ್ ತಿದ್ದೋ ಮೇಷ್ಟ್ರಿಗೆ ಸಂಬಳ ಕೊಟ್ಟ ಹಾಗೆ.

ಸರಿ, ನೀವು ಸೋಫಾ ತಗೊಂಡ್ರಿ, ಕಾಲು ಮುರಿದಿರೋದು ಬಂತು, ಅಂಗಡಿಯೋನು ಫೋನ್ ಎತ್ತಲ್ಲ. ಬಿಬಿಬಿಗೆ ದೂರು ಕೊಡ್ತೀರಿ, ಅದಕ್ಕೆ ಕಾಸು ಕೇಳಲ್ಲ, ಅಷ್ಟು ಹೇಳ್ಬೇಕು. ಅವ್ರು ದೂರನ್ನ ಅಂಗಡಿಯೋನಿಗೆ ಕಳಿಸಿ ಹದಿನಾಲ್ಕು ದಿನದಲ್ಲಿ ಉತ್ತರ ಕೊಡಪ್ಪಾ ಅಂತಾರೆ, ಕೊಡ್ಲಿಲ್ಲ ಅಂದ್ರೆ ಇನ್ನೊಂದ್ಸಲ ನೆನಪು ಮಾಡ್ತಾರೆ. ಸೋಫಾ ಬದ್ಲಾಯಿಸಿ ಕೊಡು ಅಂತ ಹುಕುಂ ಮಾಡೋ ಅಧಿಕಾರ ಅವ್ರಿಗಿಲ್ಲ. ಈಗ ಅಂಗಡಿಯೋನು ಬುದ್ಧಿವಂತ ಆಗಿದ್ರೆ ಒಂದು ಚೆಂದದ ಪತ್ರ ಬರೀತಾನೆ, ನಿಮ್ಮ ಅಸಮಾಧಾನಕ್ಕೆ ವಿಷಾದಿಸ್ತೀವಿ, ಗ್ರಾಹಕರೇ ನಮ್ಮ ದೇವ್ರು, ಆದ್ರೆ ನಮ್ಮ ಪಾಲಿಸಿ ಪ್ರಕಾರ ಸೋಫಾ ಕಾಲು ವಾರಂಟಿಗೆ ಬರಲ್ಲ. ನೀವು ಇದಕ್ಕೆ ಒಪ್ಪಲ್ಲ ಅಂತ ಬರೀತೀರಿ. ಆಗ ಫೈಲ್ ಮೇಲೆ ಏನು ಬೀಳುತ್ತೆ ಗೊತ್ತಾ? 'ಆನ್ಸರ್ಡ್'. ಅಂದ್ರೆ ಉತ್ತರ ಬಂದಿದೆ. ಸೋಫಾ ಇನ್ನೂ ಮೂರು ಕಾಲಲ್ಲೇ ಇದೆ, ನೀವು ನೆಲದ ಮೇಲೇ ಕೂತಿದ್ದೀರಿ, ಆದ್ರೆ ಉತ್ತರ ಬಂತಲ್ಲ ಸ್ವಾಮಿ! ಗ್ರೇಡಿಗೆ ದೊಡ್ಡ ಪೆಟ್ಟು ಬೀಳೋದು ಪತ್ರಕ್ಕೆ ಉತ್ತರಾನೇ ಕೊಡದ ಸೋಮಾರಿಗೆ. ಇನ್ನು ಗ್ರಾಹಕರು ಬರೆದ ರಿವ್ಯೂಗಳು ಇದ್ದಾವಲ್ಲ, ಅದನ್ನ ಗ್ರೇಡ್ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ, ಹಾಗಾಗಿ ಬಿಬಿಬಿ ವೆಬ್‌ಸೈಟಿನ ಒಂದೇ ಪುಟದಲ್ಲಿ ಮೇಲೆ ಎ ಪ್ಲಸ್ಸು, ಕೆಳಗೆ ಜನ ಹಾಕಿರೋ ಒಂದೊಂದು ಸ್ಟಾರು, ಅಕ್ಕಪಕ್ಕದಲ್ಲಿ ಆರಾಮಾಗಿ ಸಂಸಾರ ಮಾಡ್ತಿರ್ತವೆ.

ಇದೆಲ್ಲ ಸಣ್ಣ ವಿಷ್ಯ ಬಿಡಿ, ಅಸಲಿ ನಾಟಕ ನಡೆದಿದ್ದು 2010ರಲ್ಲಿ. ಆಗ ಬಿಬಿಬಿಯಲ್ಲಿ ಅಕ್ರೆಡಿಟೇಷನ್ ತಗೊಂಡ ಕಂಪನಿಗೆ ಗ್ರೇಡಲ್ಲಿ ಎಕ್ಸ್‌ಟ್ರಾ ಪಾಯಿಂಟ್ ಸಿಗ್ತಿತ್ತು. ಲಾಸ್ ಏಂಜಲೀಸ್‌ನ ಕೆಲವು ವ್ಯಾಪಾರಸ್ಥರಿಗೆ ಅನುಮಾನ ಬಂದು, ಹಮಾಸ್ ಅನ್ನೋ ಹೆಸರಲ್ಲಿ ಇಲ್ದೇ ಇರೋ ಕಂಪನಿಯೊಂದನ್ನ ಹುಟ್ಟಿಸಿ 425 ಡಾಲರ್ ಕಟ್ಟಿದ್ರು. ಹೌದು, ಅದೇ ಹಮಾಸು. ಸಿಕ್ಕಿದ್ದು ಎ ಮೈನಸ್! ಮೈನಸ್ ಯಾಕೆ ಹಾಕಿದ್ರೋ, ಅದೊಂದು ಅನ್ಯಾಯ. ಇದನ್ನೆಲ್ಲ ಎಬಿಸಿ ನ್ಯೂಸ್‌ನವ್ರು ಟಿವಿಲಿ ತೋರಿಸಿದ್ರು. ಅದೇ ವರದಿಯಲ್ಲಿ ವುಲ್ಫ್‌ಗ್ಯಾಂಗ್ ಪಕ್ ಅನ್ನೋ ಜಗತ್ಪ್ರಸಿದ್ಧ ಶೆಫ್ ಕೂಡ ಇದ್ರು, ಅವ್ರ ಕೆಲವು ಬಿಸಿನೆಸ್‌ಗಳಿಗೆ ಎಫ್ ಬಿದ್ದಿತ್ತು, ದುಡ್ಡು ಕಟ್ಟಲ್ಲ ಅಂದಿದ್ದಕ್ಕೆ ಹೀಗೆ ಅನ್ನೋದು ಅವ್ರ ದೂರು.

ನಂಗೆ ತುಂಬಾ ಇಷ್ಟ ಆಗಿದ್ದು ಪಾರ್ಟಿಗಳಿಗೆ ಕೋಡಂಗಿಗಳನ್ನ ಕಳಿಸೋ ಕಂಪನಿ ನಡೆಸ್ತಿದ್ದ ಹೆಂಗಸಿನ ಕಥೆ. ಎರಡು ವರ್ಷ ಹಿಂದಿನ, ಆಗ್ಲೇ ಬಗೆಹರಿದಿದ್ದ ಒಂದು ದೂರಿಗೆ ಆಕೆಗೆ ಸಿ ಮೈನಸ್ ಕೊಟ್ಟಿದ್ರಂತೆ. ಸರಿಪಡಿಸೋದು ಹೇಗೆ ಅಂದ್ರೆ ದುಡ್ಡು ಕಟ್ಟಿ ಅಂದ್ರು, ಆಯಮ್ಮ 395 ಡಾಲರಿಗೆ ಕ್ರೆಡಿಟ್ ಕಾರ್ಡ್ ನಂಬರ್ ಹೇಳಿದ್ಲು, ಮಾರನೇ ದಿನ ಎ ಪ್ಲಸ್. ರಾತ್ರಿ ಮಲಗಿ ಬೆಳಿಗ್ಗೆ ಏಳೋದ್ರೊಳಗೆ ಕೋಡಂಗಿಗಳೆಲ್ಲ ಸತ್ಯಹರಿಶ್ಚಂದ್ರರಾಗಿಬಿಟ್ರು. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅನ್ನೋ ಗಾದೆ ಇಲ್ಲಿ ಅರ್ಧ ಸುಳ್ಳಾಯ್ತು ನೋಡಿ, ಕೋಡಂಗಿಗೂ ಲಾಭ, ಈರಭದ್ರನಿಗೂ ಲಾಭ, ಆ ಗ್ರೇಡ್ ನಂಬ್ಕೊಂಡು ಬುಕ್ ಮಾಡೋ ಜನ ಮಾತ್ರ ಗಾದೆ ಒಳಗೇ ಇಲ್ಲ.

ಗಲಾಟೆ ಆದ್ಮೇಲೆ ಪಾಯಿಂಟ್ ಕೊಡೋದನ್ನ ನಿಲ್ಸಿದ್ರು. 2013ರಲ್ಲಿ ಲಾಸ್ ಏಂಜಲೀಸ್ ಬ್ರಾಂಚನ್ನೇ ಸಂಘದಿಂದ ಆಚೆ ಹಾಕಿದ್ರು, ಕಾರಣ ಏನಪ್ಪಾ ಅಂದ್ರೆ ಸಂಸ್ಥೆಯ ಸ್ಟ್ಯಾಂಡರ್ಡ್ ಪಾಲಿಸ್ಲಿಲ್ಲ ಅಂತ. ಊರಿಗೆಲ್ಲ ನಂಬಿಕೆ ಸರ್ಟಿಫಿಕೇಟ್ ಹಂಚ್ತಿದ್ದೋರು ತಾವೇ ಫೇಲ್! ಈಗ ಫೀಸು ಕಟ್ಟದೇನೂ ಎ ಪ್ಲಸ್ ತಗೊಂಡಿರೋ ಕಂಪನಿಗಳಿದಾವೆ, ಸುಳ್ಳು ಹೇಳ್ಬಾರ್ದು. ಆದ್ರೆ ಬಿಬಿಬಿ ಮಾನ್ಯತೆಯ ನೀಲಿ ಸೀಲನ್ನ ಬಾಗಿಲಿಗೆ ಅಂಟಿಸ್ಕೊಳ್ಬೇಕು ಅಂದ್ರೆ ಇವತ್ತಿಗೂ ಅಕ್ರೆಡಿಟೇಷನ್ ಬೇಕು, ಫೀಸು ಬೇಕು, ಅದೂ ಕಂಪನಿಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ನೋಡಿ ಹಾಕೋದು, ಅಂದ್ರೆ ವಿಶ್ವಾಸಕ್ಕೂ ತಲೆ ಲೆಕ್ಕದಲ್ಲೇ ರೇಟು.